ಇನ್ನೂ ಹುಟ್ಟದ ಚಿಪ್ಪಿಗೆ ಅಳತೆಗೋಲು

ಹೊಸ ಪ್ರೊಸೆಸರ್ ಚಿಪ್ ತಯಾರಿಸಲು ಕೋಟಿಗಟ್ಟಲೆ ಹಣವೂ ವರ್ಷಗಟ್ಟಲೆ ಸಮಯವೂ ಬೇಕು. ಒಳಗಿನ ಕ್ಯಾಶ್ ಮೆಮೊರಿಯನ್ನು ದುಪ್ಪಟ್ಟು ಮಾಡಿದರೆ ವೇಗ ಎಷ್ಟು ಏರೀತು ಎಂದು ನೋಡಲು ಪ್ರತಿ ಸಲ ಚಿಪ್ ಮಾಡಿಸುತ್ತ ಕೂತರೆ ಯಾವ ಕಂಪನಿಯೂ ಉಳಿಯುವುದಿಲ್ಲ. ಹಾಗಾಗಿ ವಿನ್ಯಾಸಕಾರರು ಚಿಪ್ಪಿನ ನಡವಳಿಕೆಯನ್ನು ಅನುಕರಿಸುವ ಸಾಫ್ಟ್‌ವೇರ್ ಇಟ್ಟುಕೊಳ್ಳುತ್ತಾರೆ. ಅದೇ ಸಿಮ್ಯುಲೇಟರ್. ಕಾಗದದ ಮೇಲಷ್ಟೇ ಇರುವ ಪ್ರೊಸೆಸರ್ ಮೇಲೆ ನಿಜವಾದ ಪ್ರೋಗ್ರಾಂ ಓಡಿಸಿ, ಎಷ್ಟು ಹೊತ್ತು ಹಿಡಿಯಿತು, ಎಲ್ಲಿ ತಡವರಿಸಿತು ಎಂದು ಅದು ಲೆಕ್ಕ ಒಪ್ಪಿಸುತ್ತದೆ.

ಇಂಥವುಗಳಲ್ಲಿ ಜೆಮ್‌5 ಬಹಳ ಬಳಕೆಯಲ್ಲಿದೆ. ಮಿಷಿಗನ್ ವಿಶ್ವವಿದ್ಯಾಲಯದ ಎಂ5, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೆಮ್ಸ್ ಎಂಬ ಎರಡು ಸಿಮ್ಯುಲೇಟರ್‌ಗಳು ಕೂಡಿ ಆದದ್ದು ಇದು. ಇದನ್ನು ಲೋಕಕ್ಕೆ ಪರಿಚಯಿಸಿದ ಪ್ರಬಂಧ ಬಂದದ್ದು 2011ರಲ್ಲಿ. ಓಪನ್ ಸೋರ್ಸ್ ಆದ್ದರಿಂದ ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ತಿದ್ದಬಹುದು, ತಿದ್ದಿದ್ದನ್ನು ಮರಳಿ ಕೊಡಬಹುದು. ಆರ್ಮ್, ಎಎಂಡಿಯಂಥ ಕಂಪನಿಗಳೂ ಕೋಡ್ ಕೊಟ್ಟಿವೆ. ಈ ಎರಡಕ್ಕೂ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರಗಳಿವೆ. ನಮ್ಮ ಎಂಜಿನಿಯರಿಂಗ್ ಮಕ್ಕಳಿಗೆ ಇದು ದೂರದ ಮಾತೇನಲ್ಲ.

ಮರಳಿ ಕೊಡುವುದು ಎಂದಾಗ ಎಲ್ಲರ ಮನಸ್ಸಿಗೂ ಮೊದಲು ಬರುವುದು ಹೊಸ ಸೌಲಭ್ಯ. ಒಂದನ್ನು ಹತ್ತಿರದಿಂದ ನೋಡೋಣ. ಕ್ಯಾಶ್ ಎಂಬುದು ಪ್ರೊಸೆಸರ್ ಪಕ್ಕದಲ್ಲೇ ಇರುವ ಪುಟ್ಟ, ಚುರುಕಾದ ಮೆಮೊರಿ. ಅದು ತುಂಬಿದ ಮೇಲೆ ಹೊಸ ಮಾಹಿತಿ ಬಂದರೆ ಹಳೆಯದರಲ್ಲಿ ಯಾವುದನ್ನೋ ಹೊರಗೆ ಹಾಕಬೇಕು. ಬಹಳ ಹೊತ್ತಿನಿಂದ ಯಾರೂ ಮುಟ್ಟದ್ದನ್ನು ಹಾಕುವುದು ಒಂದು ಕ್ರಮ. ಕಣ್ಣುಮುಚ್ಚಿ ಯಾವುದನ್ನೋ ಎತ್ತಿ ಹಾಕುವುದೂ ಒಂದು ಕ್ರಮವೇ. ನಿಮ್ಮ ತಲೆಯಲ್ಲಿ ಮೂರನೆಯದೊಂದು ಹೊಳೆದಿದೆ ಎನ್ನಿ. ಜೆಮ್‌5ರಲ್ಲಿ ಅದನ್ನು ಬರೆಯಲು ಮುಖ್ಯವಾಗಿ ನಾಲ್ಕು ಸಂದರ್ಭಗಳಿಗೆ ಉತ್ತರ ಹೇಳಬೇಕು. ಹೊಸ ಮಾಹಿತಿ ಒಳಬಂದಾಗ ಏನು ಗುರುತು ಹಾಕಿಕೊಳ್ಳುವುದು? ಇದ್ದದ್ದನ್ನೇ ಮತ್ತೆ ಮುಟ್ಟಿದಾಗ ಏನು? ಅದು ಇನ್ನು ಕೆಲಸಕ್ಕೆ ಬಾರದು ಎಂದಾದಾಗ ಏನು? ಜಾಗ ಬೇಕಾದಾಗ ಯಾರನ್ನು ಎಬ್ಬಿಸುವುದು? ಇಷ್ಟನ್ನು ಸಿ++ನಲ್ಲಿ ಬರೆದು, ಹೊರಗಿನಿಂದ ಬದಲಾಯಿಸಬಹುದಾದ ಆಯ್ಕೆಗಳನ್ನು ಪೈಥಾನ್ ಕಡತದಲ್ಲಿ ಘೋಷಿಸಿದರೆ ಕ್ರಮ ಸಿದ್ಧ. ಪ್ರೊಸೆಸರ್‌ನ ಉಳಿದ ಭಾಗವನ್ನು ಮುಟ್ಟಬೇಕಾಗಿಯೇ ಇಲ್ಲ.

ಬರೆಯುವುದು ಇಷ್ಟು ಸಲೀಸಾದರೂ ಒಪ್ಪಿಸುವುದು ಅಷ್ಟು ಸಲೀಸಲ್ಲ. ಕೋಡನ್ನು ಇನ್ನೊಬ್ಬರು ಓದಿ ಪ್ರಶ್ನೆ ಕೇಳುತ್ತಾರೆ, ತಂತಾನೇ ನಡೆಯುವ ಪರೀಕ್ಷೆಗಳು ಪಾಸಾಗಬೇಕು, ಆಮೇಲಷ್ಟೇ ಅದು ಅಭಿವೃದ್ಧಿಯ ಶಾಖೆಗೆ ಸೇರುತ್ತದೆ. ಹೊಸಬರಿಗೆ ಇದು ಕಿರಿಕಿರಿ ಎನಿಸುವುದು ಸಹಜ. ಆದರೆ ಕೊಟ್ಟವರು ಪಿಎಚ್‌ಡಿ ಮುಗಿಸಿ ಹೊರಟುಹೋಗುತ್ತಾರೆ, ಕೋಡ್ ಉಳಿಯುತ್ತದೆ. ಸುತ್ತಲಿನದು ಬದಲಾದಾಗಲೆಲ್ಲ ಯಾರಾದರೂ ಅದನ್ನು ಸರಿಪಡಿಸುತ್ತಿರಬೇಕು. ಪರೀಕ್ಷೆ ಇಲ್ಲದ ಸೌಲಭ್ಯ ಕೆಟ್ಟುಹೋದದ್ದು ಕೂಡ ತಿಳಿಯುವುದಿಲ್ಲ.

ಸೌಲಭ್ಯ ಕೊಟ್ಟವರಿಗೆ ಬರುವಷ್ಟು ಹೆಸರು ಬೆಂಚ್‌ಮಾರ್ಕ್ ಕೊಡುವವರಿಗೆ ಬರುವುದಿಲ್ಲ. ನನ್ನನ್ನು ಕೇಳಿದರೆ ಹೆಚ್ಚು ಬೆಲೆಯುಳ್ಳ ಕೊಡುಗೆ ಅದೇ.

ಬೆಂಚ್‌ಮಾರ್ಕ್ ಎಂದರೆ ಅಳತೆಗೆಂದು ಎಲ್ಲರೂ ಓಡಿಸುವ ಒಂದೇ ಪ್ರೋಗ್ರಾಂ. ಅಮೆರಿಕದ ನಾಸಾ 1990ರ ದಶಕದಲ್ಲಿ ರೂಪಿಸಿದ ಎನ್‌ಪಿಬಿ, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಪಾರ್ಸೆಕ್ ಮುಂತಾದವು ಇವೆ. ಹೆಸರು ಹೇಳಿದಷ್ಟಕ್ಕೇ ಅಳತೆ ಒಂದೇ ಆಗುವುದಿಲ್ಲ. ಯಾವ ಕಂಪೈಲರ್, ಅದರ ಯಾವ ಆವೃತ್ತಿ, ಯಾವ ಲಿನಕ್ಸ್ ಕರ್ನಲ್, ಒಳಸುರಿ ಎಷ್ಟು ದೊಡ್ಡದು, ಇವುಗಳಲ್ಲಿ ಒಂದು ಬೇರೆಯಾದರೂ ಉತ್ತರ ಬೇರೆ. ಊರಿಗೊಂದು ಸೇರು ಇದ್ದರೆ ಅಕ್ಕಿ ಬೆಲೆ ಹೋಲಿಸುವುದು ಹೇಗೆ? ಅದಕ್ಕೇ ಜೆಮ್‌5 ಬಳಗ ಸಿದ್ಧ ಡಿಸ್ಕ್ ಇಮೇಜ್, ಕರ್ನಲ್, ಬೆಂಚ್‌ಮಾರ್ಕ್‌ಗಳನ್ನು ಬೇರೆಯೇ ಒಂದು ಭಂಡಾರದಲ್ಲಿ ಇಡುತ್ತದೆ. ದುಡ್ಡು ಕೊಟ್ಟು ಪರವಾನಗಿ ಪಡೆಯಬೇಕಾದ ಸ್ಪೆಕ್‌ನಂಥ ಬೆಂಚ್‌ಮಾರ್ಕ್‌ಗಳನ್ನು ಹಾಗೆ ಹಂಚುವಂತಿಲ್ಲ. ಪರವಾನಗಿ ಇರುವವರು ತಾವೇ ಕಟ್ಟಿಕೊಳ್ಳಲು ಸ್ಕ್ರಿಪ್ಟ್ ಕೊಡಬಹುದು, ಅಷ್ಟೇ.

ಇನ್ನೊಂದು ತೊಡಕು ಸಮಯದ್ದು. 3 ಗಿಗಾಹರ್ಟ್ಸ್ ಪ್ರೊಸೆಸರ್ ಒಂದು ಸೆಕೆಂಡಿನಲ್ಲಿ 300 ಕೋಟಿ ಸಲ ಮಿಡಿಯುತ್ತದೆ. ಒಂದೊಂದು ಮಿಡಿತಕ್ಕೆ ಒಂದೊಂದು ಆದೇಶ ಎಂದಿಟ್ಟುಕೊಳ್ಳಿ. ವಿವರವಾಗಿ ಅನುಕರಿಸುವ ಸಿಮ್ಯುಲೇಟರ್ ಸೆಕೆಂಡಿಗೆ 1 ಲಕ್ಷ ಆದೇಶ ನಡೆಸಿದರೆ ಆ ಒಂದು ಸೆಕೆಂಡನ್ನು ದಾಟಲು 8 ಗಂಟೆಗೂ ಹೆಚ್ಚು ಬೇಕು. ಲಿನಕ್ಸ್ ಏಳುವುದನ್ನೂ ಕಡತ ಓದುವುದನ್ನೂ ಹೀಗೆ ನಡೆಸಿದರೆ ದಿನಗಳೇ ಉರುಳುತ್ತವೆ. ಆದ್ದರಿಂದ ಬೆಂಚ್‌ಮಾರ್ಕ್ ಕೊಡುವ ಜಾಣರು ಅದರೊಳಗೆ ನಿಜವಾದ ಲೆಕ್ಕ ಶುರುವಾಗುವ ಜಾಗಕ್ಕೂ ಮುಗಿಯುವ ಜಾಗಕ್ಕೂ ಒಂದೊಂದು ಗುರುತು ಇಡುತ್ತಾರೆ. ಶುರುವಿನ ಗುರುತಿನವರೆಗೆ ಸರಳ ಮಾದರಿಯಲ್ಲಿ ಓಡಿ, ಆಮೇಲೆ ವಿವರವಾದ ಮಾದರಿಗೆ ಬದಲಾಯಿಸಿಕೊಳ್ಳಬಹುದು. ಅಲ್ಲಿಯ ಸ್ಥಿತಿಯನ್ನು ಉಳಿಸಿಟ್ಟು ಮುಂದಿನ ಸಲ ನೇರ ಅಲ್ಲಿಂದಲೇ ಹೊರಡಬಹುದು. ಎರಡು ಸಾಲಿನ ಗುರುತು ಲೋಕದ ಎಷ್ಟೋ ಪ್ರಯೋಗಾಲಯಗಳ ರಾತ್ರಿಗಳನ್ನು ಉಳಿಸುತ್ತದೆ.

ಸಿಮ್ಯುಲೇಟರ್ ಹೇಳಿದ್ದೇ ವೇದವಾಕ್ಯ ಎಂದುಕೊಳ್ಳುವವರಿಗೆ ಒಂದು ಮಾತು. ಜೆಮ್‌5ರಲ್ಲಿ ಆದೇಶಗಳನ್ನು ಹಿಂದುಮುಂದಾಗಿ ನಡೆಸುವ ಪ್ರೊಸೆಸರ್ ಮಾದರಿಗೆ ಸಡಿಲವಾದ ಆಧಾರ 1990ರ ದಶಕದ ಆಲ್ಫಾ 21264 ಚಿಪ್. ಇಂದಿನ ಯಾವುದೋ ಲ್ಯಾಪ್‌ಟಾಪ್‌ನ ವೇಗವನ್ನು ಅದು ತಂತಾನೇ ಹೇಳಿಬಿಡುವುದಿಲ್ಲ. ನಿಜವಾದ ಯಂತ್ರದ ಮೇಲೂ ಅದೇ ಬೆಂಚ್‌ಮಾರ್ಕ್ ಓಡಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸುವವರು ಇನ್ನೂ ಬೇಕು.

ಕೊಡುಗೆ ಎಲ್ಲಿಂದ ಶುರು ಮಾಡುವುದು ಎಂದು ಕೇಳುವ ವಿದ್ಯಾರ್ಥಿಗೆ ನನ್ನ ಸಲಹೆ ಇದು: ಜೆಮ್‌5ಗೆ ಇನ್ನೂ ಯಾರೂ ತರದ ಒಂದು ಮುಕ್ತ ಪ್ರೋಗ್ರಾಂ ಆರಿಸಿಕೊಂಡು ಓಡಿಸಿ ನೋಡಿ. ಜೆಮ್‌5ರಲ್ಲಿ ಪೂರ್ತಿ ಆಪರೇಟಿಂಗ್ ಸಿಸ್ಟಂ ಇಲ್ಲದೆ, ಪ್ರೋಗ್ರಾಂ ಕೇಳುವ ಲಿನಕ್ಸ್ ಸೇವೆಗಳನ್ನು ತಾನೇ ಒದಗಿಸುವ ಒಂದು ವಿಧಾನವಿದೆ. ಅದರಲ್ಲಿ ಎಲ್ಲ ಸೇವೆಗಳೂ ಇಲ್ಲ. ಇಲ್ಲದ್ದನ್ನು ಕೇಳಿದ ಕೂಡಲೇ ಸಿಮ್ಯುಲೇಟರ್ ಅದರ ಹೆಸರು ಹೇಳಿ ನಿಂತುಬಿಡಬಹುದು. ಆ ಒಂದು ಸೇವೆಯನ್ನು ಬರೆದು, ಜೊತೆಗೊಂದು ಪುಟ್ಟ ಪರೀಕ್ಷೆ ಇಟ್ಟು ಕಳಿಸಿದರೆ ಅದೇ ಮೊದಲ ಸೌಲಭ್ಯ. ಆಮೇಲೆ ಓಡತೊಡಗಿದ ಪ್ರೋಗ್ರಾಂ ಮೊದಲ ಬೆಂಚ್‌ಮಾರ್ಕ್.