ಕಿಟಕಿ ಮೊದಲೋ, ಮೆಟ್ಟಿಲು ಮೊದಲೋ?

ರಜೆ ಹತ್ತಿರ ಬಂತೆಂದರೆ ನಮ್ಮ ಹೊನ್ನಾಳಿಯ ಮನೆಗಳಲ್ಲಿ ‘ಈ ಸಲ ಎಲ್ಲಿಗೆ?’ ಎಂಬ ಮಾತು ಶುರುವಾಗುತ್ತದೆ. ಮಕ್ಕಳ ಬಾಯಲ್ಲಿ ಮೊದಲು ಬರುವ ಹೆಸರುಗಳಲ್ಲಿ ಮಡಿಕೇರಿಯೂ ಒಂದು. ಊರು ನಿಶ್ಚಯವಾದ ಮೇಲೆ ತಂಗುವುದೆಲ್ಲಿ ಎಂದು ಮೊಮ್ಮಕ್ಕಳು ಫೋನು ಹಿಡಿದು ಕೂರುತ್ತಾರೆ. ಮಂಜು ಕಾಣುವ ಕಿಟಕಿ, ಕಾಫಿ ತೋಟದ ನಡುವಿನ ಜಗಲಿ, ರಾತ್ರಿ ಬೆಂಕಿ ಹಾಕಿಕೊಂಡು ಕೂರುವ ಅಂಗಳ, ಎಲ್ಲದರ ಫೋಟೋ ಇರುತ್ತದೆ. ಮೆಟ್ಟಿಲಿನ ಫೋಟೋ ಮಾತ್ರ ಯಾರೂ ಹಾಕುವುದಿಲ್ಲ. ಈ ವಾರ ಅದರ ಬಗ್ಗೆಯೇ ಮಾತಾಡೋಣ.

ನಮ್ಮದು ತುಂಗಭದ್ರೆಯ ದಡದ ಸಮತಟ್ಟಾದ ಊರು. ಹೊಳೆಯಿಂದ ಬಸ್ ನಿಲ್ದಾಣಕ್ಕೆ, ಅಲ್ಲಿಂದ ಸಂತೆಗೆ ನಡೆದರೂ ಮಂಡಿಗೆ ಅಷ್ಟಾಗಿ ಗೊತ್ತಾಗದು. ಮಡಿಕೇರಿ ಹಾಗಲ್ಲ. ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಎಂದರೆ ನಮ್ಮೂರಿಗಿಂತ ಹೆಚ್ಚುಕಡಿಮೆ ಎರಡರಷ್ಟು ಎತ್ತರ. ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ಇಲ್ಲಿ ರಾಜಧಾನಿ ಕಟ್ಟಿದ. ಮುದ್ದುರಾಜನಕೇರಿ ಎಂಬುದೇ ಬರಬರುತ್ತಾ ಮಡಿಕೇರಿಯಾಯಿತು ಎನ್ನುತ್ತಾರೆ. ಶತ್ರುಗಳು ಸುಲಭವಾಗಿ ಹತ್ತಿ ಬರಬಾರದೆಂದು ರಾಜರು ಬೆಟ್ಟ ಹುಡುಕುತ್ತಿದ್ದರು. ಆ ಏರು ಈಗ ಅಜ್ಜ-ಅಜ್ಜಿಯರ ಪಾಲಿಗೆ ಬಂದಿದೆ!

ಮಕ್ಕಳೇ, ಇಲ್ಲೊಂದು ಸಣ್ಣ ಲೆಕ್ಕ. ಒಂದು ಕಿಲೋಮೀಟರ್ ಮೇಲೇರಿದರೆ ಗಾಳಿಯ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಹಾಗಾದರೆ ಹೊನ್ನಾಳಿಗಿಂತ 600 ಮೀಟರ್ ಮೇಲಿರುವ ಊರಿನಲ್ಲಿ ಎಷ್ಟು ಇಳಿಯಬೇಕು? ಸುಮಾರು ನಾಲ್ಕು ಡಿಗ್ರಿ. ಮಳೆ, ಗಾಳಿ, ಮಂಜು ಸೇರಿದರೆ ಚಳಿ ಇನ್ನೂ ಹೆಚ್ಚು ಅನ್ನಿಸುತ್ತದೆ. ಅಲ್ಲಿ ನೀರು ಕೂಡ 100 ಡಿಗ್ರಿಗೆ ಮೊದಲೇ, ಸುಮಾರು 96ಕ್ಕೇ ಕುದಿಯುತ್ತದೆ. ಆದ್ದರಿಂದ ಅಜ್ಜನ ಸ್ನಾನಕ್ಕೆ ಬಿಸಿನೀರು ಯಾವ ಹೊತ್ತಿಗೆ ಬರುತ್ತದೆ, ಕರೆಂಟು ಹೋದರೆ ಏನು ವ್ಯವಸ್ಥೆ ಎಂದು ಮೊದಲೇ ಕೇಳುವುದು ಸುಖದ ಮಾತಲ್ಲ, ಅಗತ್ಯದ ಮಾತು.

ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರ ಕುಟುಂಬ ಹಿಂದೊಮ್ಮೆ ಒಂದು ಬೆಟ್ಟದೂರಿಗೆ ಹೋಗಿತ್ತು. ಕಿಟಕಿ ನೋಡಿಯೇ ಕೋಣೆ ಗೊತ್ತುಮಾಡಿದ್ದರು. ಕಿಟಕಿ ಚೆನ್ನಾಗಿಯೇ ಇತ್ತಂತೆ. ಆದರೆ ರಸ್ತೆಯಿಂದ ಬಾಗಿಲಿಗೆ ನಲವತ್ತು ಮೆಟ್ಟಿಲು. ಒಂದು ಮೆಟ್ಟಿಲು ಅರ್ಧ ಅಡಿ ಎಂದರೂ ಇಪ್ಪತ್ತು ಅಡಿ, ಅಂದರೆ ಎರಡು ಮಹಡಿ. ಮೇಷ್ಟ್ರ ಮನೆಯವರು ಒಮ್ಮೆ ಹತ್ತಿದವರು ಎರಡು ದಿನ ಕೆಳಗಿಳಿಯಲಿಲ್ಲ. ‘ನೀವ್ ಹೋಗ್ ಬರ್ರಿ, ನಾ ಇಲ್ಲೇ ಕುಂತಿರ್ತೀನಿ’ ಅಂದರಂತೆ. ಮೊಮ್ಮಕ್ಕಳು ಜಲಪಾತ ನೋಡಿ ಬಂದರು, ಅಜ್ಜಿ ಕೋಣೆಯ ತಾರಸಿ ನೋಡಿ ಬಂದರು. ಅಜ್ಜಿಯ ಬಾಯಿಂದ ಆ ಒಂದು ಮಾತು ಬರದಂತೆ ನೋಡಿಕೊಂಡರೆ, ತಂಗುವ ಜಾಗ ಸರಿಯಾಗಿದೆ ಎಂದೇ ಅರ್ಥ.

ಮಡಿಕೇರಿಯಲ್ಲಿ ತಂಗಲು ಎರಡು ದಾರಿ. ಒಂದು, ಊರೊಳಗಿನ ವಸತಿಗೃಹ. ಇನ್ನೊಂದು, ಹೊರಗಿನ ತೋಟದ ಹೋಂಸ್ಟೇ.

ಕೊಡಗಿಗೆ ರೈಲಿಲ್ಲ. ನಾವು ಶಿವಮೊಗ್ಗ, ಹಾಸನದ ಮೇಲೆ ಬಸ್ಸು ಹಿಡಿದೇ ಹೋಗಬೇಕು. ಇಡೀ ದಿನ ಕೂತು ಬೆನ್ನು ಹಿಡಿದುಕೊಂಡಿರುತ್ತದೆ. ಬಸ್ಸಿಳಿದವರಿಗೆ ಊರೊಳಗಿನ ಕೋಣೆಯೇ ಅನುಕೂಲ. ಕೋಟೆ, ಅದರೊಳಗಿನ ಎರಡು ಗಾರೆಯ ಆನೆಗಳು, ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನ, ರಾಜಾಸೀಟು ಎಲ್ಲವೂ ಊರಲ್ಲೇ ಇವೆ. ಆಟೋ ಸಿಗುತ್ತದೆ, ಔಷಧಿ ಅಂಗಡಿ, ಆಸ್ಪತ್ರೆ ಹತ್ತಿರ. ರಾಜ್ಯ ಪ್ರವಾಸೋದ್ಯಮ ನಿಗಮದ ಮಯೂರ ವ್ಯಾಲಿ ವ್ಯೂ ರಾಜಾಸೀಟಿನ ಪಕ್ಕದಲ್ಲೇ ಇದೆ. ಒಂದು ಕಾಲದಲ್ಲಿ ರಾಜರು ಕೂತು ಸೂರ್ಯಾಸ್ತ ನೋಡುತ್ತಿದ್ದ ಜಾಗ ಅದು. ಕೋಣೆಯ ಕಿಟಕಿ ಗೋಡೆಗೆ ತೆರೆದರೂ ಚಿಂತೆಯಿಲ್ಲ, ಸಂಜೆ ಅಲ್ಲಿ ಹೋಗಿ ಕೂತರೆ ಆಯಿತು.

ತೋಟದ ಮನೆಯ ಸುಖ ಬೇರೆ. ಕಾಫಿ ಗಿಡ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಏಲಕ್ಕಿ ಇವನ್ನೆಲ್ಲ ಮಕ್ಕಳು ಮುಟ್ಟಿ ನೋಡಬಹುದು. ಮನೆಯವರೇ ನೂಲ್‌ಪುಟ್ಟು, ಕಡುಬು ಮಾಡಿ ಬಡಿಸುತ್ತಾರೆ. ಮಾಂಸದೂಟ ಅಲ್ಲಿ ಸಾಮಾನ್ಯ. ಸಸ್ಯಾಹಾರಿಗಳಾದರೆ ಕೋಣೆ ಗೊತ್ತುಮಾಡುವಾಗಲೇ ಹೇಳಿಬಿಡಿ, ಎಲೆ ಮುಂದೆ ಕೂತ ಮೇಲೆ ಹೇಳಿದರೆ ಇಬ್ಬರಿಗೂ ಮುಜುಗರ. ಮಳೆಗಾಲವಾದರೆ ತೋಟದಲ್ಲಿ ಉಂಬಳದ ಕಾಟ. ಕತ್ತಲಾದ ಮೇಲೆ ಮಾತ್ರೆ ಬೇಕೆಂದರೆ ಪೇಟೆ ಎಷ್ಟು ದೂರ ಎಂಬುದನ್ನೂ ಯೋಚಿಸಬೇಕು.

ಇನ್ನು ದುಡ್ಡಿನ ಮಾತು. ಲಾಡ್ಜಿನಲ್ಲಿ ಬಾಡಿಗೆ ಕೋಣೆಗೆ, ಅನೇಕ ಹೋಂಸ್ಟೇಗಳಲ್ಲಿ ತಲೆಗೆ. ಉದಾಹರಣೆಗೆ, ನಾಲ್ವರು ದೊಡ್ಡವರು, ಒಬ್ಬ ಹುಡುಗ ಎಂದಿಟ್ಟುಕೊಳ್ಳಿ. ಕೋಣೆಗೆ 2,000 ರೂಪಾಯಿಯಂತೆ ಎರಡು ಕೋಣೆ, ಊಟ-ತಿಂಡಿಗೆ ತಲೆಗೆ 500. ಒಟ್ಟು 6,500. ತೋಟದಲ್ಲಿ ಊಟ ಸೇರಿ ತಲೆಗೆ 1,800, ಹುಡುಗನಿಗೆ ಅರ್ಧ. ಒಟ್ಟು 8,100. ಪೇಟೆಗೆ ಹೋಗಿಬರುವ ಕಾರಿನ ಬಾಡಿಗೆ ಬೇರೆ. ನೀವು ಕೇಳಿ ತಿಳಿದ ನಿಜವಾದ ದರ ಹಾಕಿ, ಇದೇ ರೀತಿ ಎರಡು ಕಾಲಂ ಬರೆದು ಕೂಡಿಸಿ. ಮುಂಗಡ ಕೊಡುವ ಮುನ್ನ ಹೋಂಸ್ಟೇ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿಯಾಗಿದೆಯೇ ಎಂದು ವಿಚಾರಿಸಿ. ಬರುವುದು ರದ್ದಾದರೆ ಎಷ್ಟು ಹಿಂದಿರುಗಿಸುತ್ತಾರೆಂದು ಬರವಣಿಗೆಯಲ್ಲಿ ಪಡೆಯಿರಿ. ಬ್ಯಾಂಕಿನ ಕೌಂಟರಿನಲ್ಲಿ ಕೂತಿದ್ದವನಾಗಿ ಇನ್ನೊಂದು ಮಾತು: ‘ಹಣ ವಾಪಸ್ ಹಾಕ್ತೀವಿ, ಪಿನ್ ಒತ್ತಿ’ ಎಂದು ಯಾರಾದರೂ ಹೇಳಿದರೆ ಫೋನು ಇಟ್ಟುಬಿಡಿ. ಹಣ ಪಡೆಯಲು ಪಿನ್ ಬೇಕಿಲ್ಲ, ಕೊಡಲು ಮಾತ್ರ ಬೇಕು.

ಎಲ್ಲಕ್ಕಿಂತ ಗಂಭೀರವಾದದ್ದು ಮಳೆಗಾಲದ ಮಾತು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಮುಂತಾದ ಕಡೆ ಬೆಟ್ಟಗಳು ಕುಸಿದು ಜೀವಗಳು ಹೋದವು, ಮನೆ ತೋಟಗಳು ಮಣ್ಣಾದವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬಳಿಯೂ ಬೆಟ್ಟ ಕುಸಿಯಿತು. ವಿಪರೀತ ಮಳೆ ಒಂದು ಕಾರಣ. ಮನೆಗೆ, ರಸ್ತೆಗೆ ಎಂದು ಇಳಿಜಾರನ್ನು ಕಡಿದು, ನೀರು ಹರಿಯುವ ದಾರಿ ಕಟ್ಟಿದ್ದು ಇನ್ನೊಂದು ಎಂದು ಭೂವಿಜ್ಞಾನಿಗಳು ಹೇಳಿದರು. ಗೋಡೆಯಂತೆ ನೆಟ್ಟಗೆ ಕಡಿದ ಮಣ್ಣಿನ ಕೆಳಗೆ ಅಥವಾ ಅದರ ಅಂಚಿನಲ್ಲಿ ನಿಂತ ಕಟ್ಟಡ ಎಷ್ಟೇ ಚೆಂದವಿರಲಿ, ಜೋರು ಮಳೆಯ ದಿನಗಳಲ್ಲಿ ಬೇಡ. ಜೂನ್‌ನಿಂದ ಆಗಸ್ಟ್‌ವರೆಗೆ ಹಿರಿಯರು, ಪುಟ್ಟ ಮಕ್ಕಳನ್ನು ಕರೆದುಕೊಂಡು ಹೋಗದಿರುವುದೇ ಒಳ್ಳೆಯದು. ಇನ್ನು ವಿಜಯದಶಮಿಯ ರಾತ್ರಿ ಹತ್ತು ಮಂಟಪಗಳ ಮೆರವಣಿಗೆ ಇರುವುದರಿಂದ ದಸರಾಕ್ಕೆ ಹೋಗುವವರು ಬಹಳ ಮುಂಚೆಯೇ ಕೋಣೆ ಹಿಡಿಯಬೇಕು. ಅಕ್ಟೋಬರ್ ನಡುವಿನ ತುಲಾ ಸಂಕ್ರಮಣಕ್ಕೂ ತಲಕಾವೇರಿಗೆ ಜನ ಸೇರುತ್ತಾರೆ.

ಮಕ್ಕಳೇ, ಈ ಸಲ ಫೋನು ಮಾಡಿ ವಿಚಾರಿಸುವ ಕೆಲಸ ನೀವೇ ವಹಿಸಿಕೊಳ್ಳಿ. ಕಾರು ನಿಲ್ಲುವ ಜಾಗದಿಂದ ಹಾಸಿಗೆಯವರೆಗೆ ಎಷ್ಟು ಮೆಟ್ಟಿಲು? ಹಿಡಿದುಕೊಳ್ಳಲು ಕಂಬಿ ಇದೆಯೇ? ನೆಲಮಹಡಿಯಲ್ಲಿ ಕೋಣೆ ಸಿಗುತ್ತದೆಯೇ? ಕೂರುವ ಕಮೋಡ್ ಇದೆಯೇ? ರಾತ್ರಿ ವೈದ್ಯರು ಬೇಕಾದರೆ ಎಷ್ಟು ದೂರ? ಉತ್ತರಗಳನ್ನು ಬರೆದುಕೊಂಡು ಅಜ್ಜಿಗೆ ಓದಿ ಹೇಳಿ.

ಹಿರಿಯರಿಗೂ ಒಂದು ವಿನಂತಿ. ‘ನನಗೇನು, ಎಲ್ಲಾದರೂ ಆದೀತು’ ಎನ್ನಬೇಡಿ. ಎಷ್ಟು ಮೆಟ್ಟಿಲು ಹತ್ತಬಲ್ಲಿರಿ ಎಂಬುದನ್ನು ಸಂಕೋಚವಿಲ್ಲದೆ ಹೇಳಿ. ಹತ್ತು ಎಂದರೆ ಹತ್ತು. ಮೊಮ್ಮಕ್ಕಳಿಗೆ ಬೆಟ್ಟ ತೋರಿಸಲು ಬೇರೆಯವರೂ ಸಿಗುತ್ತಾರೆ. ಆದರೆ ಬೆಟ್ಟ ನೋಡುವಾಗ ಪಕ್ಕದಲ್ಲಿ ಶಾಲು ಹೊದ್ದು ಕೂತ ಅಜ್ಜಿ, ಎಷ್ಟು ದುಡ್ಡು ಕೊಟ್ಟರೂ ಯಾವ ಹೋಟೆಲಿನಲ್ಲೂ ಸಿಗುವುದಿಲ್ಲ.