ಮೊದಲು ಟೈರು, ಆಮೇಲೆ ಟಾರ್ಕು

ಪುಣೆ ಬಳಿಯ ಚಾಕಣ್‌ನಲ್ಲಿ ತಯಾರಾಗುವ ಫೋಕ್ಸ್‌ವ್ಯಾಗನ್ ವರ್ಟಸ್ ಹೆಸರಿಗೆ ಸೆಡಾನ್. ಆದರೆ 1.5 ಲೀಟರ್ ಟರ್ಬೊ ಎಂಜಿನ್‌ನ ಜಿಟಿ ಮಾದರಿ ಕೊಳ್ಳುವವರಿಗೆ ಬೇಕಿರುವುದು ಸ್ಪೋರ್ಟ್ಸ್ ಕಾರಿನ ಓಟ. ಹಾಗಾಗಿ ಹಲವರ ಮನಸ್ಸು ಬೇಗನೆ ರೀಮ್ಯಾಪ್ ಕಡೆ ವಾಲುತ್ತದೆ. ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ ತಂತ್ರಾಂಶ ಬದಲಿಸಿದರೆ ಒಂದು ಬೋಲ್ಟೂ ಬಿಚ್ಚದೆ ಶಕ್ತಿ ಹೆಚ್ಚುತ್ತದೆ.

ವಾರಂಟಿಯ ಮಟ್ಟಿಗೆ ಇದೇ ದುಬಾರಿ ಆಯ್ಕೆ. ಈ ಎಂಜಿನ್ನಿನ ಟಾರ್ಕ್ 250 ನ್ಯೂಟನ್ ಮೀಟರ್. ಅದರ ಜೊತೆ ಬರುವ ಏಳು ಗೇರಿನ, ಒಣ ಕ್ಲಚ್ಚಿನ ಡಿಎಸ್‌ಜಿ ಗೇರ್‌ಬಾಕ್ಸಿನ ವಿನ್ಯಾಸದ ಮಿತಿಯೂ 250. ಕಾರ್ಖಾನೆಯೇ ಪಾತ್ರೆಯನ್ನು ಅಂಚಿನವರೆಗೆ ತುಂಬಿ ಕೊಟ್ಟಿದೆ. ಮೇಲೆ ಸುರಿದದ್ದನ್ನು ಕ್ಲಚ್ಚು ತಾಳಬೇಕು, ತಾಳದಿದ್ದರೆ ಬಿಲ್ಲು ಮಾಲೀಕನ ಕೈಗೆ ಬರುತ್ತದೆ. ಸರ್ವಿಸಿಗೆ ಮುಂಚೆ ಹಳೆಯ ತಂತ್ರಾಂಶ ತುಂಬಿದರಾಯಿತು ಎನ್ನುವವರಿದ್ದಾರೆ. ಬದಲಿಸಿದ ಗುರುತು ಕಂಪ್ಯೂಟರಿನಲ್ಲಿ ಉಳಿದಿರಬಹುದು. ಉಳಿಯದಿದ್ದರೂ ಮುಚ್ಚಿಟ್ಟು ಉಚಿತ ರಿಪೇರಿ ಕೇಳುವುದು ನ್ಯಾಯವಲ್ಲ.

ಪ್ರತಿ ಬದಲಾವಣೆಗೂ ಮುನ್ನ ಕೇಳಬೇಕಾದ ಪ್ರಶ್ನೆ ಒಂದೇ: ಇದು ಯಾವ ಭಾಗದ ಹೊರೆ ಹೆಚ್ಚಿಸುತ್ತದೆ? ಅದೇ ಅಳತೆಯ ಉತ್ತಮ ಟೈರು, ಒಳ್ಳೆಯ ಬ್ರೇಕ್ ಪ್ಯಾಡು, ಹೊಸ ಬ್ರೇಕ್ ದ್ರವ ಎಂಜಿನ್ನಿನ ಗೊಡವೆಗೆ ಹೋಗುವುದಿಲ್ಲ. ಪುಣೆಯಿಂದ ಕೊಂಕಣಕ್ಕಿಳಿಯುವ ತಾಮ್ಹಿಣಿ ಘಾಟಿಯ ಮಳೆಗಾಲದ ತಿರುವುಗಳಲ್ಲಿ ಕಾರನ್ನು ಹಿಡಿದಿಡುವುದು ಅಂಗೈಯಗಲದ ರಬ್ಬರು. ಅಲ್ಲಿ ಹೆಚ್ಚುವರಿ ಕುದುರೆಶಕ್ತಿಗೆ ಕೆಲಸವೇ ಇಲ್ಲ. ಇಷ್ಟಕ್ಕೂ ಸರ್ವಿಸ್ ಕೇಂದ್ರದ ಒಪ್ಪಿಗೆಯನ್ನು ಬರಹದಲ್ಲಿ ಪಡೆದು, ವಿಮಾ ಕಂಪನಿಗೂ ತಿಳಿಸುವುದು ಲೇಸು.

ಶಕ್ತಿಯ ಆಸೆ ತಪ್ಪಲ್ಲ. ವಾರಂಟಿ ಮುಗಿದ ಮೇಲೆ, ಹೊಸ ಕ್ಲಚ್ಚಿನ ಖರ್ಚನ್ನೂ ಲೆಕ್ಕಕ್ಕೆ ಹಿಡಿದು ರೀಮ್ಯಾಪ್ ಮಾಡಿಸಲಿ. ಆಗ ಪಣಕ್ಕಿಡುವ ಹಣ ಅವರದೇ ಆಗಿರುತ್ತದೆ.