ಸನ್ಮಾನದ ಕಂಬಳಿ, ಚಾರಣದ ಜಾಕೆಟ್ಟು

ನಮ್ಮಂಥ ಓದುಬರಹದವರ ನಡುವೆ ಕಂಬಳಿಗೆ ಈಗ ಎರಡೇ ಕೆಲಸ: ವೇದಿಕೆಯ ಮೇಲೆ ಗಣ್ಯರ ಹೆಗಲೇರುವುದು, ಕವಿತೆಯೊಳಗೆ ಬೆಚ್ಚಗಿರುವುದು. ಆ ಕವಿತೆ ಬರೆದವರೇ ಡಿಸೆಂಬರಿನಲ್ಲಿ ವಿಜಯಪುರದಿಂದ ಚಾರಣಕ್ಕೆ ಹೊರಟರೆ ಚೀಲದಲ್ಲಿರುವುದು ಪಾಲಿಯೆಸ್ಟರ್ ಫ್ಲೀಸು, ಮೇಲೊಂದು ಉಬ್ಬಿದ ಜಾಕೆಟ್ಟು. ಕೇಳಿದರೆ ಉತ್ತರ ಸಿದ್ಧ: ಕಂಬಳಿ ಭಾರ.

ಭಾರ, ಹೌದು. ಚುಚ್ಚುವುದೂ ಹೌದು. ಡೆಕ್ಕನಿ ಕುರಿಯ ಉಣ್ಣೆಯೆಳೆ 30 ಮೈಕ್ರಾನಿಗಿಂತ ದಪ್ಪ. ಸಾವಿರಾರು ರೂಪಾಯಿಯ ಮೆರಿನೊ ಬನಿಯನ್ನಿನ ಎಳೆ 20ರ ಆಸುಪಾಸು. ಇದನ್ನು ಒಪ್ಪದೆ ನಮ್ಮದೇ ಶ್ರೇಷ್ಠವೆಂದು ಎದೆ ತಟ್ಟಿಕೊಳ್ಳುವವರ ಜೊತೆ ನನಗೆ ಮಾತಿಲ್ಲ. ನನ್ನ ತಕರಾರು ‘ಹಗುರ’ ಎಂಬ ಮಾತನ್ನು ನಾವು ಎಲ್ಲಿಂದ ಎತ್ತಿಕೊಂಡೆವು ಎಂಬುದರ ಬಗ್ಗೆ.

ಹಿಮಾಲಯಕ್ಕೆಂದು ಬರೆದ ಸಾಮಾನಿನ ಪಟ್ಟಿಯನ್ನೇ ಎಲ್ಲ ಕಡೆಗೂ ನಕಲು ಮಾಡುತ್ತೇವೆ. ನಮ್ಮ ಥಂಡಿ ಬೇರೆ. ತಿಕೋಟಾ, ಬಬಲೇಶ್ವರದ ಬಯಲಲ್ಲಿ ಚಳಿಗಾಲದ ಹಗಲೂ ಅಂಗಿ ಬೆವರುವಷ್ಟು ಬಿಸಿಲು. ನಸುಕಿಗೆ ಎಷ್ಟೋ ಸಲ 10 ಡಿಗ್ರಿಯ ಹತ್ತಿರ. ಗಾಳಿಗೆ ಅಡ್ಡ ಬರಲು ಮರವೂ ಕಡಿಮೆ. ಬಟ್ಟೆ ತಾನಾಗಿ ಶಾಖ ಕೊಡುವುದಿಲ್ಲ. ಎಳೆಗಳ ನಡುವೆ ನಿಂತ ಗಾಳಿ ಮೈಯ ಶಾಖವನ್ನು ಹಿಡಿದಿಡುತ್ತದೆ, ಅಷ್ಟೇ. ಫ್ಲೀಸಿನೊಳಗಿನ ಆ ಗಾಳಿಯನ್ನು ಬಯಲಗಾಳಿ ಹೊತ್ತೊಯ್ಯುತ್ತದೆ, ಮೇಲೆ ಇನ್ನೊಂದು ಪದರ ಬೇಕೇ ಬೇಕು. ಬೆವರು ಹೀರಿದ ಹತ್ತಿ ಬನಿಯನ್ನು ರಾತ್ರಿ ಮೈ ಕೊರೆಯುತ್ತದೆ. ಪುಕ್ಕ ತುಂಬಿದ ಜಾಕೆಟ್ಟು ನೆನೆದರೆ ಮುದುಡಿಬಿಡುತ್ತದೆ. ಉಣ್ಣೆಯಾದರೋ ತನ್ನ ತೂಕದ ಸುಮಾರು 30 ಪಾಲು ತೇವವನ್ನು ನೂರಕ್ಕೆ ಹೀರಿಯೂ ಬೆಚ್ಚಗಿರುತ್ತದೆ. ಹುಣಸೆ ಬೀಜದ ಗಂಜಿ ಹಾಕಿ ನೇಯ್ದ ಕಂಬಳಿಯನ್ನು ಕೊಪ್ಪೆ ಮಾಡಿಕೊಂಡರೆ ಮಳೆಗೂ ಆಯಿತು, ಗಾಳಿಗೂ ಆಯಿತು, ಹಾಸಿದರೆ ಹಾಸಿಗೆ. ಸಂಕ್ರಮಣದ ಸಿದ್ಧೇಶ್ವರ ಜಾತ್ರೆಗೆ ಎತ್ತು ತಂದ ರೈತ ರಾತ್ರಿ ಬೆಂಕಿ ಕಾಯಿಸುವಾಗ ಕಿಡಿ ಹಾರಿದರೆ ಪಾಲಿಯೆಸ್ಟರ್ ಕರಗಿ ಮೈಗಂಟುತ್ತದೆ, ಉಣ್ಣೆ ಕರಿಕಾಗಿ ಅಲ್ಲೇ ಆರುತ್ತದೆ. ಇಷ್ಟೆಲ್ಲ ಕೆಲಸ ಒಂದೇ ಮಾಡುವಾಗ ತಕ್ಕಡಿಯ ಆಚೆ ಬದಿಗೆ ಬರೀ ಒಂದು ಫ್ಲೀಸು ಇಟ್ಟು ತೂಗುವುದು ಯಾವ ನ್ಯಾಯ?

(ಪದರದ ಶಾಸ್ತ್ರವನ್ನೂ ನಮಗೆ ಹೊಸದಾಗಿ ಕಲಿಸಬೇಕಿಲ್ಲ. ಹಳೆ ಸೀರೆಗಳನ್ನು ಒಂದರ ಮೇಲೊಂದಿಟ್ಟು ಹೊಲಿದ ಕೌದಿ ಮತ್ತೇನು?)

ಹಾಗಂತ ಕಾಲೇಜು ಹುಡುಗಿಯೊಬ್ಬಳು ಇಡೀ ಕಂಬಳಿ ಹೊತ್ತು ಗುಡ್ಡ ಹತ್ತಲಿ ಎನ್ನಲಾರೆ. ಅದೇ ಉಣ್ಣೆಯಲ್ಲಿ ಅರ್ಧ ಅಳತೆಯ ಹೊದಿಕೆ, ತೆಳು ಸ್ವೆಟರಿನ ಮೇಲೆ ತೊಡುವ ತೋಳಿಲ್ಲದ ಅಂಗಿ: ಇಂಥದ್ದನ್ನು ನಮ್ಮಲ್ಲಿ ಎಷ್ಟು ಜನ ನೇಕಾರರ ಹತ್ತಿರ ಹೋಗಿ ಕೇಳಿದ್ದೇವೆ? ಕೇಳಿದ್ದು ಸನ್ಮಾನದ ಕರಿ ಕಂಬಳಿಯನ್ನು. ಅದನ್ನು ಗಣ್ಯರು ಫೋಟೊ ಮುಗಿಯುವ ತನಕ ಹೊದ್ದಿರುತ್ತಾರೆ; ಆಮೇಲೆ ಅದು ಕಾರಿನ ಡಿಕ್ಕಿ ಸೇರುತ್ತದೆ. ಉಣ್ಣೆ ಕತ್ತರಿಸಿದ ಕೂಲಿಯೂ ಹುಟ್ಟದಿದ್ದರೆ ಕುರಿಗಾರ ಏನು ಮಾಡಬೇಕು? ಪಕ್ಕದ ಜತ್ತ ಸೀಮೆಯ ಮಾಡಗ್ಯಾಳ ಕುರಿಗೆ ಮಾಂಸದಿಂದಲೇ ಬೆಲೆ. ಅವನು ಅತ್ತ ತಿರುಗಿದರೆ ಪರಂಪರೆ ಕೈಬಿಟ್ಟನೆಂದು ಲೇಖನ ಬರೆಯುವ ಹಕ್ಕು ಫ್ಲೀಸು ತೊಟ್ಟ ನಮಗಿಲ್ಲ. ಕರಿ ಉಣ್ಣೆಯ ಕುರಿ ಹಟ್ಟಿಯಿಂದ ಹೋದರೆ ಅದರ ಹಿಂದೆಯೇ ಮಗ್ಗವೂ ಹೋಗುತ್ತದೆ. ಆಮೇಲೆ ಅಳತೆ ಚಿಕ್ಕದು ಮಾಡಿಕೊಡಿ ಎನ್ನಲು ಎದುರಿಗೆ ಯಾರಿರುತ್ತಾರೆ?

ಮುಂದಿನ ವಿಚಾರ ಸಂಕಿರಣದ ಸಂಘಟಕರು ಅತಿಥಿಗಳಿಗೆ ಪುಸ್ತಕ ಕೊಟ್ಟು ಕಳಿಸಲಿ. ಉಳಿದ ದುಡ್ಡನ್ನು ಚಾರಣಕ್ಕೆ ಹೊರಡುವ ಹುಡುಗ ಹುಡುಗಿಯರ ಕೈಗಿಟ್ಟು, ಹತ್ತು ಅಂಗಿಗೆ ಮುಂಗಡ ಕೊಡಿ ಎನ್ನಲಿ. ಅವರು ತೊಟ್ಟು ನೋಡಲಿ. ಚುಚ್ಚಿದರೆ ಎಲ್ಲಿ ಚುಚ್ಚಿತೆಂದು ವಾಪಸು ಹೋಗಿ ನೇಕಾರರಿಗೇ ಹೇಳಲಿ.